ಮನೆ ಕಟ್ಟೋ ಕಂಟ್ರಾಕ್ಟ್ರಿಗೆ ಲೈಸೆನ್ಸ್ ಅಂತ ಇದೆಯಾ? ಇನ್ಶೂರೆನ್ಸ್ ಯಾರ ಹೆಸರಲ್ಲಿ ಇರ್ಬೇಕು?

ಕೊಟ್ಟಿಗೆಹಿತ್ಲು:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಒಂದು ಇಳಿಜಾರು ಜಾಗ ಇದೆ. 19 ಚದರದ ಮನೆ, ಮೆಟೀರಿಯಲ್ ಸಮೇತ ಚದರಕ್ಕೆ 2 ಲಕ್ಷದಂತೆ 38 ಲಕ್ಷಕ್ಕೆ ಮಾತಾಗಿದೆ. ಹಿಂದಿನ ಧರೆ (ಇಳಿಜಾರಿನ ಮಣ್ಣಿನ ಗೋಡೆ) ಸುಮಾರು 3 ಮೀಟರ್ ಕಡೀಬೇಕು. ಸಂಕ್ರಾಂತಿ ಕಳೆದ ಮೇಲೆ ಪಾಯ.

ಕ್ಯಾಲಿಫೋರ್ನಿಯಾದಲ್ಲಿರೋ ತಮ್ಮ “ಮೊದ್ಲು ಲೈಸೆನ್ಸ್ ನಂಬರ್ ಕೇಳು, ಬಾಂಡ್ ಕೇಳು, ಇನ್ಶೂರೆನ್ಸ್ ಸರ್ಟಿಫಿಕೇಟ್ ಕೇಳು” ಅಂತ ಒಂದೇ ಸಮ ಹೇಳ್ತಿದಾನೆ. ಕಂಟ್ರಾಕ್ಟ್ರನ್ನ ಕೇಳಿದ್ದಕ್ಕೆ ಪಿಡಬ್ಲ್ಯೂಡಿ ಕ್ಲಾಸ್ ಒನ್ ರಿಜಿಸ್ಟ್ರೇಷನ್ನಿನ ಜೆರಾಕ್ಸ್ ತೋರ್ಸಿದ್ರು. ಆಳುಗಳಿಗೆಲ್ಲ ಬ್ಯಾಂಕಿನ 20 ರೂಪಾಯಿ ಇನ್ಶೂರೆನ್ಸ್ ಇದೆ ಅಂದ್ರು. ಇಷ್ಟು ಸಾಕಾ? ಯಾರಾದ್ರೂ ಬಿದ್ದು ಹೆಚ್ಚುಕಮ್ಮಿ ಆದ್ರೆ ದುಡ್ಡು ಕೊಡ್ಬೇಕಾದೋರು ಯಾರು, ನಾನಾ ಅವರಾ?

ಸಾಗರದ_ಹುಡ್ಗ:
ಲೈಸೆನ್ಸಾ? ನಮ್ಮಲ್ಲಿ ಟೇಪು ಹಿಡಿದವನೇ ಕಂಟ್ರಾಕ್ಟ್ರು ಮಾರಾಯ್ರೆ.

ತುಂಗಾತೀರ:
ತಮಾಷೆ ಅಂದ್ರೂ ಅದು ನಿಜವೇ. ಕರ್ನಾಟಕದಲ್ಲಿ ಖಾಸಗಿ ಮನೆ ಕಟ್ಟೋ ಸಿವಿಲ್ ಕಂಟ್ರಾಕ್ಟ್ರಿಗೆ ರಾಜ್ಯ ಸರ್ಕಾರದ ಲೈಸೆನ್ಸ್ ಅನ್ನೋದೇ ಇಲ್ಲ. ಪಂಚಾಯ್ತಿಯೋ ಮಹಾನಗರಪಾಲಿಕೆಯೋ ಕೊಡೋ ಲೈಸೆನ್ಸ್ ಕಟ್ಟಡಕ್ಕೆ, ಕಟ್ಟೋನಿಗಲ್ಲ.

ನಿಮಗೆ ತೋರಿಸಿದ ಕ್ಲಾಸ್ ಒನ್ ಕಾಗದ ಲೋಕೋಪಯೋಗಿ ಇಲಾಖೆಯ ಟೆಂಡರ್ ಹಾಕೋಕೆ ಅರ್ಹತೆ. ಯಾವ ದರ್ಜೆಯವರು ಎಷ್ಟು ಮೊತ್ತದ ಕೆಲಸ ಹಿಡೀಬಹುದು ಅನ್ನೋದಷ್ಟೇ ಅದರಲ್ಲಿರೋದು. ಹಣಕಾಸಿನ ಬಲ ನೋಡಿ ಕೊಡ್ತಾರೆ, ಒಳ್ಳೇದೇ. ಆದ್ರೆ ನಿಮ್ಮ ಮನೇಲಿ ಬಿರುಕು ಬಿಟ್ರೆ ಆ ರಿಜಿಸ್ಟ್ರೇಷನ್ ಹಿಡ್ಕೊಂಡು ಹೋಗಿ ಇಲಾಖೇಲಿ ಕೇಳೋಕೆ ದಾರಿ ಇಲ್ಲ. ಜೆರಾಕ್ಸಲ್ಲಿ ಹೆಸರು ಯಾರದು, ಅವಧಿ ಮುಗಿದಿದೆಯಾ ಅಂತಾನೂ ನೋಡಿ. ಅಣ್ಣನ ಹೆಸರಿನ ಕಾಗದದಲ್ಲಿ ತಮ್ಮ ಕೆಲಸ ಹಿಡಿಯೋದು ಬಹಳ ಕಡೆ ನಡೆಯುತ್ತೆ.

ಸ್ಯಾನ್‌ಹೋಸೆ_ಶಿವಮೊಗ್ಗ:
ನಿಮ್ಮ ತಮ್ಮ ಹೇಳಿದ್ದು ಅವರ ಊರಿಗೆ ಸರಿ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೇ ಒಂದು ರಾಜ್ಯ ಮಂಡಳಿ ಇದೆ, ಸಿಎಸ್‌ಎಲ್‌ಬಿ. ಲೈಸೆನ್ಸ್ ನಂಬರ್ ಹಾಕಿದ್ರೆ ಕಂಟ್ರಾಕ್ಟರ್ ಜಾತಕ ಪೂರ್ತಿ ಬರುತ್ತೆ. 2023ರಿಂದ 25,000 ಡಾಲರ್ ಬಾಂಡ್, ಅಂದ್ರೆ ಕಂಟ್ರಾಕ್ಟರ್ ಮೋಸ ಮಾಡಿದ್ರೆ ಪರಿಹಾರಕ್ಕೆ ಗ್ಯಾರಂಟಿ, ಕಡ್ಡಾಯ. 2025ರಿಂದ 1,000 ಡಾಲರ್ ಒಳಗಿನ ಸಣ್ಣ ರಿಪೇರಿಗೆ ಮಾತ್ರ ರಿಯಾಯ್ತಿ, ಅದೂ ಪರ್ಮಿಟ್ ಬೇಕಿಲ್ಲದ, ಆಳು ಇಟ್ಕೊಳ್ಳದ ಕೆಲಸ ಆದ್ರೆ. ಆದ್ರೆ ಅಮೆರಿಕ ಪೂರ್ತಿ ಹಂಗೇ ಅಂದ್ಕೋಬೇಡಿ. ಟೆಕ್ಸಾಸಲ್ಲಿ ಜನರಲ್ ಕಂಟ್ರಾಕ್ಟರ್‌ಗೆ ರಾಜ್ಯದ ಲೈಸೆನ್ಸೇ ಇಲ್ಲ, ನಮ್ಮ ತೀರ್ಥಹಳ್ಳಿ ಥರಾನೇ.

ಮೀಟರ್‌ಬೋರ್ಡ್:
@ತುಂಗಾತೀರ ಒಂದು ಬಿಟ್ರಿ. ವೈರಿಂಗ್‌ಗೆ ಲೈಸೆನ್ಸ್ ಇದೆ, ಕಡ್ಡಾಯ. ವಿದ್ಯುತ್ ಪರಿವೀಕ್ಷಣಾಲಯ ಕೊಡುತ್ತೆ. ಮೆಸ್ಕಾಂ ಕನೆಕ್ಷನ್ ಕೊಡೋವಾಗ ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಸಹಿ ಮಾಡಿದ ಕಂಪ್ಲೀಷನ್ ರಿಪೋರ್ಟ್ ಕೇಳ್ತಾರೆ. ಹೆಚ್ಚಿನ ಕಡೆ ಆಗೋದು ಎಂತ ಅಂದ್ರೆ, ಕೆಲಸ ಮಾಡೋನು ಒಬ್ಬ, ಸಹಿ ಹಾಕೋನು ಇನ್ನೊಬ್ಬ. ಸಹಿ ಹಾಕೋರನ್ನ ಪೈಪ್ ಮುಚ್ಚೋ ಮುಂಚೆ ಒಂದ್ಸಲ, ಅರ್ಥಿಂಗ್ ಗುಂಡಿ ಮುಚ್ಚೋ ಮುಂಚೆ ಒಂದ್ಸಲ ಸೈಟಿಗೆ ಕರ್ಸಿ.

ತಾತ್ಕಾಲಿಕ ಕನೆಕ್ಷನ್ ಬಗ್ಗೆನೂ ಹೇಳ್ತೀನಿ, ಮಲೆನಾಡಲ್ಲಿ ಜೀವ ಹೋಗೋದೇ ಅಲ್ಲಿ. ಬೋರ್ಡಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಆಫ್ ಆಗೋ ಸ್ವಿಚ್) ಹಾಕ್ಸಿ. ಎಂಸಿಬಿ ಇದೆ ಅಂದ್ರೆ ಒಪ್ಪಬೇಡಿ. ಎಂಸಿಬಿ ಕಾಯೋದು ವೈರನ್ನ, ಆರ್‌ಸಿಸಿಬಿ ಕಾಯೋದು ಮನುಷ್ಯನ್ನ. ಸ್ಲ್ಯಾಬ್ ದಿನ ವೈಬ್ರೇಟರ್ ಮೋಟ್ರು ಒದ್ದೆ ಕಂಬಿ ಮೇಲೆ ಕೂತಿರುತ್ತೆ, ಅದರ ಕೇಬಲ್ಲಿಗೆ ಮೂರು ಕಡೆ ಇನ್ಸುಲೇಷನ್ ಟೇಪ್ ಸುತ್ತಿರ್ತಾರೆ, ಕಂಬಿ ಕಟ್ಟೋರ ಕಾಲಲ್ಲಿ ಚಪ್ಪಲಿನೂ ಇರಲ್ಲ. ಬೆಳಿಗ್ಗೆ ಕೆಲಸ ಶುರುವಾಗೋಕೆ ಮುಂಚೆ ಟೆಸ್ಟ್ ಬಟನ್ ಒತ್ತಿ, ಟ್ರಿಪ್ ಆಗ್ಲಿಲ್ಲ ಅಂದ್ರೆ ಆವತ್ತು ವೈಬ್ರೇಟರ್ ಆನ್ ಮಾಡೋಕೆ ಬಿಡ್ಬೇಡಿ.

ಪಾಲಿಸಿ_ಓದೋನು:
ಈಗ 20 ರೂಪಾಯಿ ವಿಷಯ. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ರೆ 2 ಲಕ್ಷ. ಅದು ಆಳಿನ ಸ್ವಂತ ಇನ್ಶೂರೆನ್ಸ್, ಮಾಲೀಕನ, ಅಂದ್ರೆ ಆಳನ್ನ ಕೆಲಸಕ್ಕಿಟ್ಟು ಕೂಲಿ ಕೊಡೋನ, ಹೊಣೆಯಿಂದ ಒಂದು ಪೈಸೆಯೂ ಅದ್ರಿಂದ ಕಳೆಯಲ್ಲ.

ಮಾಲೀಕ ಕೊಡಬೇಕಾದ ಪರಿಹಾರದ ಲೆಕ್ಕ ಬೇರೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯಿಂದ ಬಂದ ಸೂತ್ರ: ಸಾವಾದ್ರೆ ತಿಂಗಳ ಕೂಲಿಯ ಅರ್ಧವನ್ನ ವಯಸ್ಸಿನ ಗುಣಕದಿಂದ ಗುಣಿಸ್ಬೇಕು. ಎಷ್ಟೇ ಕೂಲಿ ಇದ್ರೂ ಲೆಕ್ಕಕ್ಕೆ ತಗೊಳ್ಳೋ ಮಿತಿ 15,000, ಇದು 2020ರ ಜನವರಿಯಲ್ಲಿ 8,000ದಿಂದ ಏರಿದ್ದು. ಗುಣಕ 30 ವರ್ಷಕ್ಕೆ 207.98, 40ಕ್ಕೆ 184.17, 50ಕ್ಕೆ 153.09. ಅಂದ್ರೆ 30 ವರ್ಷದ ಆಳು ಸತ್ರೆ 7,500 × 207.98 = 15,59,850 ರೂಪಾಯಿ. 40 ವರ್ಷದವನಾದ್ರೆ 13,81,275. ಒಂದು ತಿಂಗಳೊಳಗೆ ಕೊಡದಿದ್ರೆ ವರ್ಷಕ್ಕೆ 12% ಬಡ್ಡಿ. ಕಾರಣ ಇಲ್ದೆ ಎಳೆದಾಡಿದ್ರೆ ಮೇಲೆ 50%ವರೆಗೆ ದಂಡ, ಆ ದಂಡವನ್ನ ಇನ್ಶೂರೆನ್ಸ್ ಕಂಪನಿ ಕೊಡಲ್ಲ.

ಸಾವೇ ಆಗ್ಬೇಕಂತಿಲ್ಲ. ಮರ ಕೊಯ್ಯೋ ಕಟ್ಟರ್‌ಗೆ 35 ವರ್ಷದ ಸೆಂಟ್ರಿಂಗ್‌ನವನ ಹೆಬ್ಬೆರಳು ಪೂರ್ತಿ ಹೋಯ್ತು ಅನ್ನಿ. ಕಾಯ್ದೆಯ ಪಟ್ಟೀಲಿ ಅದು 30% ನಷ್ಟ. ಕೂಲಿಯ 60% ಅಂದ್ರೆ 9,000, ಗುಣಕ 197.06, ಅದರ 30%. ಐದು ಲಕ್ಷದ ಮೂವತ್ತೆರಡು ಸಾವಿರ ಆಯ್ತು. ಆಸ್ಪತ್ರೆ ಖರ್ಚು ಬೇರೆ.

ಇದಕ್ಕೆ ಬೇಕಾಗಿರೋದು ಡಬ್ಲ್ಯೂಸಿ (ವರ್ಕ್‌ಮೆನ್ಸ್ ಕಾಂಪೆನ್ಸೇಷನ್) ಪಾಲಿಸಿ. ಈಗ ಎಂಪ್ಲಾಯೀಸ್ ಕಾಂಪೆನ್ಸೇಷನ್ ಪಾಲಿಸಿ ಅಂತ ಹೆಸರು, ಏಜೆಂಟರೆಲ್ಲ ಇನ್ನೂ ಡಬ್ಲ್ಯೂಸಿ ಅಂತಾನೇ ಕರೆಯೋದು.

ಅಡಿಕೆಚೊಗರು:
ಕುಡಿದು ಬಿದ್ರೂ ಕೊಡ್ಬೇಕಾ? ಸಂತೆ ಮಾರನೇ ದಿನ ಸಾರುವೆ ಹತ್ತೋರ ಕಥೆ ಗೊತ್ತಲ್ಲ.

ಪಾಲಿಸಿ_ಓದೋನು:
@ಅಡಿಕೆಚೊಗರು ಸಣ್ಣಪುಟ್ಟ ಗಾಯಕ್ಕೆ, ಭಾಗಶಃ ಅಂಗವೈಕಲ್ಯಕ್ಕೆ ಆ ವಾದ ನಡೆಯುತ್ತೆ. ಸತ್ರೆ ಅಥವಾ ಶಾಶ್ವತವಾಗಿ ಪೂರ್ತಿ ಕೈಲಾಗದ ಹಾಗಾದ್ರೆ ಕುಡಿದಿದ್ದ, ಹೆಲ್ಮೆಟ್ ತೆಗೆದಿದ್ದ ಅನ್ನೋ ಯಾವ ನೆಪಾನೂ ನಡೆಯಲ್ಲ. ಕುಡಿದು ಬಂದವನನ್ನ ಮೇಲೆ ಹತ್ತಿಸ್ಬೇಡಿ, ಅಷ್ಟೇ.

ಜಂಬಿಟ್ಟಿಗೆ:
ಇಷ್ಟೆಲ್ಲ ಮನೆ ಕಟ್ಟಿಸೋರ ತಲೆಗೆ ಕಟ್ಟೋದು ಸರಿಯಲ್ಲ. ಫುಲ್ ಕಂಟ್ರಾಕ್ಟ್ ಕೊಟ್ಟ ಮೇಲೆ ಆಳು ಕಂಟ್ರಾಕ್ಟ್ರವನು, ಹೊಣೆ ಕಂಟ್ರಾಕ್ಟ್ರದ್ದು. ಮನೆ ಮಾಲೀಕರಿಗೆ ಏನೂ ಬರಲ್ಲ.

ಲೇಬರ್_ರಿಜಿಸ್ಟರ್:
@ಜಂಬಿಟ್ಟಿಗೆ ಅರ್ಧ ಸರಿ. ಕಂಟ್ರಾಕ್ಟ್ರ ಆಳಿಗೆ ಕೆಲಸ ಕೊಟ್ಟವನೂ ಪರಿಹಾರ ಕೊಡ್ಬೇಕು, ಆಮೇಲೆ ಕಂಟ್ರಾಕ್ಟ್ರಿಂದ ವಸೂಲಿ ಮಾಡ್ಕೋಬೇಕು ಅಂತ ಕಾಯ್ದೇಲಿದೆ. ಆದ್ರೆ ಅದು “ತನ್ನ ವ್ಯಾಪಾರ ಅಥವಾ ವೃತ್ತಿಗಾಗಿ” ಕೆಲಸ ಕೊಟ್ಟವನಿಗೆ. ತಾನು ವಾಸ ಮಾಡೋ ಮನೆ ಕಟ್ಟಿಸೋದು ಯಾರಿಗೂ ವ್ಯಾಪಾರ ಅಲ್ಲ. ಆ ಮಟ್ಟಿಗೆ ನೀವು ಹೇಳಿದ್ದು ನಿಲ್ಲುತ್ತೆ.

ಜನ ತಪ್ಪೋದು ಲೇಬರ್ ಕಂಟ್ರಾಕ್ಟಲ್ಲಿ. ಮೆಟೀರಿಯಲ್ ನಾನೇ ತರ್ತೀನಿ ಅಂತ ಮೇಸ್ತ್ರಿಗೆ ವಾರಕ್ಕೊಮ್ಮೆ ಆಳಿನ ಲೆಕ್ಕದಲ್ಲಿ ಬಟವಾಡೆ ಮಾಡ್ತಿದ್ರೆ ಮಾಲೀಕರೇ ನೀವು. ಮೊದ್ಲು ಕಾಯ್ದೇಲಿ ವ್ಯಾಪಾರಕ್ಕಲ್ಲದೆ ತಾತ್ಕಾಲಿಕವಾಗಿ ಕರೆದ ಆಳನ್ನ ಹೊರಗಿಟ್ಟಿದ್ರು, 2000ದ ತಿದ್ದುಪಡೀಲಿ ಆ ಮಾತು ಹೋಯ್ತು. ಈಗ ನಾಲ್ಕು ದಿನಕ್ಕೆ ಅಂತ ನೇರವಾಗಿ ಕರೆದ ಪೇಂಟರ್ ಬಿದ್ರೂ ಲೆಕ್ಕ ನಿಮ್ಮ ಮನೆ ಬಾಗಿಲಿಗೇ ಬರುತ್ತೆ.

ಕೊಟ್ಟಿಗೆಹಿತ್ಲು:
ಸ್ವಲ್ಪ ಸಮಾಧಾನ ಆಯ್ತು. ನಮ್ಮದು ಫುಲ್ ಕಂಟ್ರಾಕ್ಟೇ. ಆದ್ರೆ ಒಂದು ವಿಷಯ ಹೇಳಿರ್ಲಿಲ್ಲ. ಮೇಲಿನ ಎರಡು ರೂಮು ಮುಂದೆ ಹೋಂಸ್ಟೇಗೆ ಬಿಡೋ ಯೋಚನೆ ಇದೆ. ಸಾಗುವಾನಿ ಬಾಗಿಲು, ಟೈಲ್ಸು ನಾವೇ ತರೋದು, ಅದೊಂದು 6 ಲಕ್ಷ ಆಗಬಹುದು.

ಸಾಗರದ_ಹುಡ್ಗ:
ಬಂತು ನೋಡಿ ಹೋಂಸ್ಟೇ! ಮಲೆನಾಡಲ್ಲಿ ಕೊಟ್ಟಿಗೆನೂ ಬಿಟ್ಟಿಲ್ಲ.

ಲೇಬರ್_ರಿಜಿಸ್ಟರ್:
ಎಂತ ಮಾರಾಯ್ರೆ, ಅಸಲು ವಿಷಯ ಕೊನೇಲಿ ಹೇಳೋದಾ! ಹೋಂಸ್ಟೇ ಅಂದ ತಕ್ಷಣ ಎರಡು ಕಡೆ ತೊಡಕು.

ಒಂದು, ಈಗಷ್ಟೇ ಹೇಳಿದ “ವ್ಯಾಪಾರಕ್ಕಾಗಿ” ಅನ್ನೋ ಮಾತು. ಬಾಡಿಗೆ ಕೋಣೆ ಕಟ್ಟಿಸ್ತಿದ್ರು, ವ್ಯಾಪಾರಕ್ಕೇ ಕಟ್ಟಿಸ್ತಿದ್ರು ಅಂತ ಆಳಿನ ಕಡೆ ವಕೀಲರು ನಿಮ್ಮನ್ನೂ ಪ್ರತಿವಾದಿ ಮಾಡ್ತಾರೆ. ಗೆಲ್ತೀರೋ ಸೋಲ್ತೀರೋ ಆಮೇಲಿನ ಮಾತು, ಅಲೆಯೋದಂತೂ ತಪ್ಪಲ್ಲ.

ಎರಡು, ಕಟ್ಟಡ ಕಾರ್ಮಿಕರ ಸೆಸ್ಸು. ವೆಚ್ಚದ 1%. ಸ್ವಂತ ವಾಸದ ಮನೆ, ವೆಚ್ಚ 10 ಲಕ್ಷ ದಾಟದಿದ್ರೆ ಸೆಸ್ ಇಲ್ಲ. ನಿಮ್ಮದು ಹೇಗಿದ್ರೂ 38 ಲಕ್ಷ, ಕಟ್ಟಬೇಕು.

ತುಂಗಾತೀರ:
@ಲೇಬರ್_ರಿಜಿಸ್ಟರ್ 10 ಲಕ್ಷ 1996ರ ಕಾಯ್ದೆಯ ಲೆಕ್ಕ ಅಲ್ವಾ ಸರ್? 2025ರ ನವೆಂಬರ್ 21ಕ್ಕೆ ನಾಲ್ಕು ಕಾರ್ಮಿಕ ಸಂಹಿತೆ ಜಾರಿಗೆ ಬಂತು. ಸಾಮಾಜಿಕ ಭದ್ರತೆ ಸಂಹಿತೇಲಿ ಸ್ವಂತ ವಾಸದ ಮನೆಗೆ ಮಿತಿ 50 ಲಕ್ಷ.

ಲೇಬರ್_ರಿಜಿಸ್ಟರ್:
ಹೌದು, ಒಪ್ಪಿದೆ. ಕೈ ಹಳೇ ಲೆಕ್ಕಕ್ಕೇ ಹೋಗುತ್ತೆ. ಹಾಗಾದ್ರೆ ಇವರದ್ದು 38+6, 44 ಲಕ್ಷ. ಪೂರ್ತಿ ಸ್ವಂತ ವಾಸಕ್ಕಾದ್ರೆ ಮಿತಿಯೊಳಗೆ. ಪ್ಲಾನಲ್ಲಿ ಮೇಲಿನ ರೂಮಿಗೆ ಬೇರೆ ಮೆಟ್ಟಿಲು, ಬೇರೆ ಬಾಗಿಲು ತೋರಿಸಿ ಹೋಂಸ್ಟೇ ಅಂತ ಬರೆದ್ರೆ ಆ ವಿನಾಯ್ತಿ ಕೇಳೋದು ಕಷ್ಟ, ಆಗ 44,000. ಸೆಸ್ ಲೆಕ್ಕಕ್ಕೆ ಜಾಗದ ಬೆಲೆ ಸೇರಿಸೋ ಹಾಗಿಲ್ಲ, ಅದನ್ನ ಗಮನಿಸಿ. ಪ್ಲಾನ್ ಮಂಜೂರು ಮಾಡೋವಾಗ ಮುಂಗಡ ಕಟ್ಟಿಸಿಕೊಂಡ್ರೆ ರಸೀದಿ ಇಟ್ಕೊಳ್ಳಿ.

ಸಂಹಿತೆಯಿಂದ ಬದಲಾದ ಇನ್ನೊಂದೆರಡು. ಗುತ್ತಿಗೆ ಕಾರ್ಮಿಕರ ಲೈಸೆನ್ಸ್ 1970ರ ಕಾಯ್ದೇಲಿ 20 ಆಳಿಗೆ ಬೇಕಿತ್ತು, ಈಗ 50ಕ್ಕೆ. ಮನೆ ಕಟ್ಟೋ ಕಂಟ್ರಾಕ್ಟ್ರಿಗೆ ಅದು ತಾಗೋದೇ ಇಲ್ಲ. ಆದ್ರೆ 10 ಜನ ಕಟ್ಟಡ ಕಾರ್ಮಿಕರಿದ್ರೆ ಕಂಟ್ರಾಕ್ಟ್ರು 60 ದಿನದೊಳಗೆ ರಿಜಿಸ್ಟರ್ ಮಾಡಿಸ್ಬೇಕು ಅನ್ನೋದು ಆಗಲೂ ಇತ್ತು, ಈಗಲೂ ಇದೆ. ಪರಿಹಾರದ ಸೂತ್ರ, ಗುಣಕ ಎಲ್ಲ ಹಳೇದೇ ಸಂಹಿತೆಗೂ ಬಂದಿದೆ. ಹೊಸದು ಅಂದ್ರೆ ಮನೆಯಿಂದ ಕೆಲಸಕ್ಕೆ ಬರೋ ದಾರೀಲಿ ಆದ ಅಪಘಾತವನ್ನೂ, ಕೆಲಸಕ್ಕೆ ಸಂಬಂಧ ಇದೆ ಅಂತ ತೋರಿಸಿದ್ರೆ, ಸೇರಿಸಿದ್ದಾರೆ. ಪಿಕಪ್ ಹಿಂದೆ ಆಳು ತುಂಬ್ಕೊಂಡು ಘಾಟಿ ಇಳಿಸೋರು ಯೋಚನೆ ಮಾಡ್ಲಿ.

ಅಡಿಕೆಚೊಗರು:
ಸೆಸ್ ಕಟ್ಟಿದ್ರೆ ಆಳು ಸತ್ತಾಗ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕೊಡುತ್ತಲ್ಲ, ಮತ್ತೆ ಯಾಕೆ ಪಾಲಿಸಿ?

ಲೇಬರ್_ರಿಜಿಸ್ಟರ್:
@ಅಡಿಕೆಚೊಗರು ಮಂಡಳಿ ಕೊಡೋದು ಅದರಲ್ಲಿ ನೋಂದಾಯಿಸಿದ ಕಾರ್ಮಿಕನಿಗೆ. 18ರಿಂದ 60 ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರ್ಬೇಕು. ಅದು ಕಲ್ಯಾಣ ನಿಧಿ. ಮಾಲೀಕನ ಪರಿಹಾರಕ್ಕೆ ಬದಲಿ ಅಲ್ಲ.

ಪಾಲಿಸಿ_ಓದೋನು:
ಡಬ್ಲ್ಯೂಸಿ ಪಾಲಿಸಿ ಮಾಡಿಸಿದ್ದೀನಿ ಅಂದ್ರೂ ಸುಮ್ನಿರೋ ಹಾಗಿಲ್ಲ. ಕವರ್ ನೋಟಲ್ಲ, ಷೆಡ್ಯೂಲ್ ಪುಟ ತರ್ಸಿ ಓದಿ. ಎಡವೋ ಜಾಗಗಳು ಇವು.

ಆಳಿನ ಸಂಖ್ಯೆ. ಗಾರೆ ಕೆಲಸದ ದಿನ 10–12 ಜನ ಇರ್ತಾರೆ ಅಂತ 12 ಬರೆಸಿರ್ತಾರೆ. ಮೋಲ್ಡ್ ಹಾಕೋ ದಿನ ಮಿಕ್ಸರ್ ಗ್ಯಾಂಗ್ ಬೇರೆ ಊರಿಂದ ಬರುತ್ತೆ, ಸೈಟಲ್ಲಿ 28 ತಲೆ. ಆ ಗ್ಯಾಂಗ್ ಮೇಸ್ತ್ರಿ ಕೆಳಗುತ್ತಿಗೆಯವನು, ಅವನ ಆಳು ಪಾಲಿಸೀಲಿಲ್ಲ. ಸೆಂಟ್ರಿಂಗ್ ಜಾರೋದೂ ಅವತ್ತೇ, ಕಂಪನಿ ತಲೆ ಎಣಿಸೋದೂ ಅವತ್ತಿನದನ್ನೇ. ಹಾಗಾಗಿ ಯಾವುದೇ ಒಂದು ದಿನ ಗರಿಷ್ಠ ಎಷ್ಟು ಅನ್ನೋದನ್ನ ಬರೆಸ್ಬೇಕು, “ಕೆಳಗುತ್ತಿಗೆದಾರರ ಕಾರ್ಮಿಕರೂ ಸೇರಿ” ಅನ್ನೋ ಷರತ್ತು ಹಾಕಿಸ್ಬೇಕು.

ಕೂಲಿ. ಪ್ರೀಮಿಯಂ ಕೂಲಿ ಮೇಲೆ ನಿಂತಿದೆ ಅಂತ ತಿಂಗಳಿಗೆ 10,000 ತೋರಿಸ್ತಾರೆ. ಪರಿಹಾರ ನಿಗದಿಯಾಗೋದು 15,000 ಮೇಲೆ. 40 ವರ್ಷದವನ ವಿಷಯದಲ್ಲಿ ಕಂಪನಿ 10,000ದ ಲೆಕ್ಕ ಹಿಡಿದ್ರೆ 9,20,850 ಬರುತ್ತೆ, ಬಾಕಿ 4,60,425 ಕಂಟ್ರಾಕ್ಟ್ರು ಜೇಬಿಂದ. ಅವರ ಜೇಬಲ್ಲಿಲ್ದಿದ್ರೆ ಆಮೇಲೆ ಯಾರ ಜೇಬು ನೋಡ್ತಾರೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಆಸ್ಪತ್ರೆ ಖರ್ಚು ಮೂಲ ಪಾಲಿಸೀಲಿ ಇರಲ್ಲ. ಕಾಯ್ದೆ 2009ರ ತಿದ್ದುಪಡಿಯಿಂದ ನಿಜವಾದ ಖರ್ಚನ್ನ ಮಾಲೀಕ ಕೊಡ್ಬೇಕು ಅನ್ನುತ್ತೆ. ಮೆಡಿಕಲ್ ಎಕ್ಸ್‌ಟೆನ್ಷನ್ ಬೇರೆ ತಗೋಬೇಕು. ಅದಕ್ಕೊಂದು ಮಿತಿ ಇರುತ್ತೆ, ಎಷ್ಟು ಅಂತ ನೋಡಿ. ಸೊಂಟ ಮುರಿದವನನ್ನ ಮಣಿಪಾಲಕ್ಕೆ ಒಯ್ದ ಮೇಲೆ 25,000 ಮಿತಿ ಒಂದು ದಿನಕ್ಕೂ ಸಾಲಲ್ಲ.

ಸೈಟ್ ವಿಳಾಸ ಮತ್ತು ಕೆಲಸದ ವಿವರ. ಕಂಟ್ರಾಕ್ಟ್ರ ಶಿವಮೊಗ್ಗದ ಆಫೀಸ್ ವಿಳಾಸ ಮಾತ್ರ ಇದ್ರೆ ಸಾಲಲ್ಲ, ನಿಮ್ಮ ಸರ್ವೆ ನಂಬರ್ ಬರಬೇಕು. ಕೆಲಸ ಅನ್ನೋ ಕಡೆ ಮಣ್ಣು ಅಗೆತಾನೂ ಸೇರಿರ್ಬೇಕು, ಧರೆ ಕಡಿಯೋರು ನೀವು.

ನಿಮ್ಮ ಹೆಸರು. ವಿಮೆದಾರ ಕಂಟ್ರಾಕ್ಟ್ರು, ಜೊತೆಗೆ ಪ್ರಿನ್ಸಿಪಾಲ್ (ಕಂಟ್ರಾಕ್ಟ್ರಿಗೆ ಕೆಲಸ ಕೊಟ್ಟವರು) ಅಂತ ನಿಮ್ಮ ಹೆಸರು ಸೇರಿಸೋಕೆ ಬರುತ್ತೆ. ಹೋಂಸ್ಟೇ ಅಂತಿರೋದ್ರಿಂದ ಇದನ್ನ ಬಿಡ್ಲೇಬೇಡಿ.

ಜಂಬಿಟ್ಟಿಗೆ:
ಹೇಳೋದು ಸುಲಭ. ಚದರಕ್ಕೆ 2 ಲಕ್ಷದಲ್ಲಿ ಈ ಪ್ರೀಮಿಯಂ ಯಾರು ಕಟ್ಟೋದು? ಕಂಬಿ, ಸಿಮೆಂಟು, ಎಂಸ್ಯಾಂಡ್ ರೇಟು ನೋಡಿದೀರಾ? ಮಾಲೀಕರು ಚದರಕ್ಕೆ ಐದು ಸಾವಿರ ಇಳಿಸ್ರಿ ಅಂತ ಕೂರ್ತಾರೆ, ಆಮೇಲೆ ಪಾಲಿಸಿ ಎಲ್ಲಿ ಅಂತಾರೆ.

ತುಂಗಾತೀರ:
@ಜಂಬಿಟ್ಟಿಗೆ ನ್ಯಾಯವಾದ ಮಾತು. ಅದಕ್ಕೇ ಪ್ರೀಮಿಯಮ್ಮನ್ನ ಚದರದ ರೇಟಲ್ಲಿ ಮುಚ್ಚಿಡಬಾರದು, ಬೇರೆ ಐಟಂ ಆಗಿ ಬರೆದು ರಸೀದಿ ಮೇಲೆ ಕೊಡ್ಬೇಕು. ಸರ್ಕಾರಿ ಕೆಡಬ್ಲ್ಯೂ-4 ಟೆಂಡರ್ ದಾಖಲೇಲಿ ಹೇಗಿದೆ ನೋಡಿ. ಕೆಲಸ ಮತ್ತು ಸಾಮಗ್ರಿ, ಯಂತ್ರ, ಬೇರೆಯವರ ಆಸ್ತಿ, ಮನುಷ್ಯರ ಸಾವು–ನೋವು, ನಾಲ್ಕಕ್ಕೂ ಕಂಟ್ರಾಕ್ಟ್ರೇ ವಿಮೆ ಮಾಡಿಸ್ಬೇಕು, ಮಾಡಿಸದಿದ್ರೆ ಇಲಾಖೆಯೇ ಮಾಡಿಸಿ ಪ್ರೀಮಿಯಂ ಬಿಲ್ಲಲ್ಲಿ ಹಿಡಿಯುತ್ತೆ. ಖಾಸಗಿ ಕರಾರಿಗೂ ಅದೇ ಸಾಲು ಎತ್ತಿ ಬರೀಬಹುದು. ಕ್ಲಾಸ್ ಒನ್ ಕಂಟ್ರಾಕ್ಟ್ರಾಗಿದ್ರೆ ಈ ಷರತ್ತು ಅವರಿಗೆ ಹೊಸದಲ್ಲ.

ಜಂಬಿಟ್ಟಿಗೆ:
ಬೇರೆ ಐಟಂ ಆದ್ರೆ ನಮ್ಮದೇನೂ ತಕರಾರಿಲ್ಲ.

ಹೊಸನಗರ_ಮಳೆ:
ಎಲ್ರೂ ಆಳಿನ ಬಗ್ಗೆ ಮಾತಾಡ್ತಿದೀರಿ, ಧರೆ ಬಗ್ಗೆ ಯಾರೂ ಎತ್ತಿಲ್ಲ. 3 ಮೀಟರ್ ನೆಟ್ಟಗೆ ಕಡಿದು ಬಿಟ್ರೆ ಆರಿದ್ರಾ ಮಳೆವರೆಗೆ ನಿಂತಿರುತ್ತೆ, ಪುನರ್ವಸುವಿಗೆ ಅಡುಗೆಮನೆ ಒಳಗಿರುತ್ತೆ. ಆಗುಂಬೆ ಕಡೆ ವರ್ಷಕ್ಕೆ 7,000 ಮಿ.ಮೀ. ದಾಟೋ ಮಳೆ. ಮೇಲ್ಮಣ್ಣು ಕೆಂಪು, ಕೆಳಗೆ ಶೇಡಿಮಣ್ಣು ಸಿಕ್ತು ಅಂದ್ರೆ ಸೋಪಿನ ಥರ ಜಾರುತ್ತೆ.

ಎರಡು ಮೆಟ್ಟಿಲು ಮಾಡಿ ಕಡೀರಿ. ಧರೆ ತಲೆ ಮೇಲೆ ಮೊದ್ಲು ಅಗಳು ತೆಗೆದು ನೀರು ಪಕ್ಕಕ್ಕೆ ತಿರುಗಿಸಿ, ಆಮೇಲೆ ಜೆಸಿಬಿ. ರೀಟೈನಿಂಗ್ ಗೋಡೆ ಮೇ ಮುಗಿಯೋದ್ರೊಳಗೆ ಆಗ್ಬೇಕು, ಗೋಡೆ ಹಿಂದೆ ಜಲ್ಲಿ ತುಂಬಿ, ನೀರು ಹೋಗೋಕೆ ಪೈಪ್ ಇಡ್ಬೇಕು. ಪೈಪ್ ಇಟ್ಟು ಹಿಂದೆ ಬರೀ ಮಣ್ಣು ತುಂಬಿದ್ರೆ ಒಂದೇ ಮಳೆಗೆ ಕಟ್ಕೊಳ್ಳುತ್ತೆ.

ತುಂಗಾತೀರ:
ಪಾಯದ ಗುಂಡಿ ಬಗ್ಗೆ ಒಂದು ಸೇರಿಸ್ತೀನಿ. 1.5 ಮೀಟರಿಗಿಂತ ಆಳವಾದ ಟ್ರೆಂಚಿಗೆ ಹಲಗೆ ಆನಿಕೆ ಕೊಡ್ಬೇಕು ಅಂತ ಭಾರತೀಯ ಮಾನಕ ಐಎಸ್ 3764 ಹೇಳುತ್ತೆ. ಅಗೆದ ಮಣ್ಣನ್ನ ಅಂಚಿಂದ 1.5 ಮೀಟರ್ ಅಥವಾ ಆಳದ ಅರ್ಧ, ಯಾವುದು ಜಾಸ್ತಿಯೋ ಅಷ್ಟು ದೂರ ಹಾಕ್ಬೇಕು. ಜೆಸಿಬಿಯವನು ಬಕೆಟ್ ತಿರುಗಿಸಿದ ಕಡೆಗೆ ಸುರೀತಾನೆ, ಅಂಚಲ್ಲೇ ಗುಡ್ಡೆ. ಆ ಭಾರಕ್ಕೇ ಅಂಚು ಕಳಚೋದು.

ಕೊಟ್ಟಿಗೆಹಿತ್ಲು:
ಧರೆ ಕುಸಿದು ಕಟ್ಟಿದ್ದು ಹಾಳಾದ್ರೆ ಅದಕ್ಕೂ ಇನ್ಶೂರೆನ್ಸ್ ಇದೆಯಾ? ಮೇಲಿನ ಜಾಗ ಬೇರೆಯವರದ್ದು, ಅವರ ಕಾಂಪೌಂಡ್ ಗೋಡೆ ಧರೆಯಿಂದ ಎರಡು ಮೀಟರ್ ಹಿಂದೆ ಇದೆ.

ಪಾಲಿಸಿ_ಓದೋನು:
ಇದೆ, ಸಿಎಆರ್ ಪಾಲಿಸಿ. ಕಂಟ್ರಾಕ್ಟರ್ಸ್ ಆಲ್ ರಿಸ್ಕ್ ಅಂತ ಹೆಸರು. ಹೆಸರು ನೋಡಿ ಮೋಸ ಹೋಗ್ಬೇಡಿ, ಆಲ್ ಏನಲ್ಲ.

ಮೊತ್ತವನ್ನ ಕರಾರಿನ 38 ಲಕ್ಷಕ್ಕೆ ಹಾಕಿಸಿದ್ರೆ ಕಮ್ಮಿಯಾಯ್ತು. ನೀವು ತರೋ ಬಾಗಿಲು, ಟೈಲ್ಸ್ ಸೇರಿ 44 ಲಕ್ಷಕ್ಕೆ ಹಾಕ್ಸಿ. ಇಲ್ದಿದ್ರೆ 5 ಲಕ್ಷ ನಷ್ಟ ಆದಾಗ 38/44 ಪಾಲು, ಅಂದ್ರೆ 4,31,818 ಮಾತ್ರ ಲೆಕ್ಕಕ್ಕೆ ಬರುತ್ತೆ. ಅದರಲ್ಲೂ ಎಕ್ಸೆಸ್ ಅಂತ ನಿಮ್ಮ ಪಾಲು ಕಳೀತಾರೆ. ಮಳೆ, ಪ್ರವಾಹ, ಭೂಕುಸಿತಕ್ಕೆ ಎಕ್ಸೆಸ್ ಮಾಮೂಲಿಗಿಂತ ಜಾಸ್ತಿ ಇಟ್ಟಿರ್ತಾರೆ, ಆ ಅಂಕಿಯನ್ನೇ ಮೊದಲು ನೋಡಿ.

ಮಲೆನಾಡಿಗೆ ಮುಖ್ಯವಾದ ಮೂರು ಮಾತು. ಮಳೆ–ನೀರಿನ ಷರತ್ತು ಅಂತ ಒಂದು ಪುರವಣಿ ಅಂಟಿಸ್ತಾರೆ. 10 ವರ್ಷಕ್ಕೊಮ್ಮೆ ಬರಬಹುದಾದಷ್ಟು ಮಳೆಗೆ ತಕ್ಕ ಮುಂಜಾಗ್ರತೆ ನೀವು ಮಾಡಿರ್ಬೇಕು. @ಹೊಸನಗರ_ಮಳೆ ಹೇಳಿದ ಅಗಳು ತೆಗೆದಿರದಿದ್ರೆ ಸರ್ವೇಯರ್ ಮೊದಲ ಫೋಟೋದಲ್ಲೇ ಕ್ಲೇಮ್ ಮುಗಿಸ್ತಾರೆ. ಅಗಳಿನ ಫೋಟೋ ತಾರೀಖು ಸಮೇತ ಇಟ್ಕೊಳ್ಳಿ.

ಎರಡನೇದು, ಕೆಲಸ ನಿಂತಿದ್ರೆ ಆದ ನಷ್ಟಕ್ಕೆ ರಕ್ಷಣೆ ಇಲ್ಲ ಅನ್ನೋ ಮಾತು. ನಮ್ಮಲ್ಲಿ ಮೃಗಶಿರೆಗೆ ಸೈಟ್ ಮುಚ್ಚಿ ಗಣೇಶನ ಹಬ್ಬದ ಮೇಲೆ ತೆಗೆಯೋದು ಪದ್ಧತಿ. ನಷ್ಟ ಆಗೋದೇ ಆ ಮೂರು ತಿಂಗಳಲ್ಲಿ! ಮಳೆಗಾಲದಲ್ಲಿ ಕೆಲಸ ನಿಲ್ಲುತ್ತೆ, ಸೈಟ್ ನೋಡ್ಕೊಳ್ಳೋಕೆ ಇಂಥವರಿರ್ತಾರೆ ಅಂತ ಮೊದಲೇ ಬರೆದು ತಿಳಿಸಿ, ಕಂಪನಿ ಒಪ್ಪಿಗೆಯನ್ನ ಕಾಗದದಲ್ಲಿ ತಗೊಳ್ಳಿ. ಏಜೆಂಟ್ “ಅದೆಲ್ಲ ಆಗುತ್ತೆ ಬಿಡಿ ಸರ್” ಅಂದಿದ್ದು ಕಾಗದ ಅಲ್ಲ.

ಮೂರನೇದು ಮೇಲಿನವರ ಕಾಂಪೌಂಡು. ಮೂರನೆಯವರ ಹೊಣೆ ಸಿಎಆರ್‌ನಲ್ಲೇ ಇದೆ, ಆದ್ರೆ ಕಂಪನ ಮತ್ತು ಆಧಾರ ಸಡಿಲಿಸಿದ್ದರಿಂದ ಆದ ಹಾನಿ ಮಾಮೂಲಿಯಾಗಿ ಅದರ ಹೊರಗೆ. ಧರೆ ಕಡಿದು ಗೋಡೆ ಬೀಳೋದು ಅಂದ್ರೆ ಅದೇ. ಅದನ್ನ ಒಳಗೆ ಸೇರಿಸೋ ಎಂಡಾರ್ಸ್‌ಮೆಂಟ್ (ಪುರವಣಿ) ಕೇಳಿ ಹಾಕಿಸ್ಬೇಕು. ಕೆಲಸ ಶುರು ಮಾಡೋಕೆ ಮುಂಚೆ ಅವರ ಗೋಡೇಲಿ ಈಗಾಗ್ಲೇ ಇರೋ ಬಿರುಕುಗಳ ಫೋಟೋ ಅವರೆದುರಿಗೇ ತೆಗೆದು, ಇಬ್ಬರ ಸಹಿ ಹಾಕಿ ಇಡಿ.

ಇನ್ನು ತಪ್ಪು ಡಿಸೈನಿಂದ ಬಿದ್ದದ್ದು ಮೂಲ ಪಾಲಿಸೀಲಿ ಬರಲ್ಲ. ಕಳಪೆ ಸಿಮೆಂಟಿಂದ ಕಟ್ಟಿದ ಗೋಡೇನ ಮತ್ತೆ ಕಟ್ಟೋ ಖರ್ಚೂ ಬರಲ್ಲ, ಅದು ಬಿದ್ದು ಪಕ್ಕದ್ದು ಹಾಳಾದ್ರೆ ಆ ಪಕ್ಕದ್ದಕ್ಕೆ ಬರುತ್ತೆ.

ಸಾಗರದ_ಹುಡ್ಗ:
ಜೆಸಿಬಿಯೇ ಕಾಂಪೌಂಡಿಗೆ ಗುದ್ದಿದ್ರೆ?

ಪಾಲಿಸಿ_ಓದೋನು:
@ಸಾಗರದ_ಹುಡ್ಗ ರಸ್ತೆಗೆ ನೋಂದಣಿಯಾದ ಗಾಡಿಯಿಂದ ಆದ ಮೂರನೆಯವರ ಹಾನಿ ಸಿಎಆರ್‌ಗೆ ಬರಲ್ಲ, ಅದರ ಮೋಟಾರ್ ಪಾಲಿಸಿ ನೋಡ್ಬೇಕು. ಗಂಟೆ ಲೆಕ್ಕದ ಜೆಸಿಬಿ ಬಂದಾಗ ಆರ್‌ಸಿ, ಇನ್ಶೂರೆನ್ಸ್, ಡ್ರೈವರ್ ಡಿಎಲ್ ಮೂರರ ಫೋಟೋ ಮೊಬೈಲಲ್ಲಿ ತಗೊಳ್ಳಿ, ಎರಡು ನಿಮಿಷದ ಕೆಲಸ.

ಅಡಿಕೆಚೊಗರು:
ಇಎಸ್‌ಐ, ಪಿಎಫ್ ಕಟ್ಟೋ ಕಂಟ್ರಾಕ್ಟ್ರಿಗೂ ಡಬ್ಲ್ಯೂಸಿ ಬೇಕಾ?

ಲೇಬರ್_ರಿಜಿಸ್ಟರ್:
ಇಎಸ್‌ಐ ವ್ಯಾಪ್ತಿಯ ಕಾರ್ಮಿಕ ಕೆಲಸದ ಗಾಯಕ್ಕೆ ಇಎಸ್‌ಐನಿಂದಲೇ ಪಡೀಬೇಕು, ಮಾಲೀಕನ ಮೇಲೆ ಮತ್ತೆ ಪರಿಹಾರ ಕೇಳೋ ಹಾಗಿಲ್ಲ. ಕೂಲಿ ತಿಂಗಳಿಗೆ 21,000 ಒಳಗಿದ್ರೆ ಮಾತ್ರ ವ್ಯಾಪ್ತಿ. ಮಾಲೀಕ 3.25%, ಆಳು 0.75%. ದಿನಕ್ಕೆ ಸಾವಿರದಂತೆ 26 ದಿನ ದುಡಿಯೋ ಗಾರೆಯವನು ಮಿತಿ ದಾಟ್ತಾನೆ, ಕೈಯಾಳು ಒಳಗಿರ್ತಾನೆ. ಒಂದೇ ಸಾರುವೆ ಮೇಲೆ ಇಬ್ಬರು, ಒಬ್ಬನಿಗೆ ಇಎಸ್‌ಐ, ಇನ್ನೊಬ್ಬನಿಗೆ ಡಬ್ಲ್ಯೂಸಿ. ಪಿಎಫ್ 20 ಜನರ ಮೇಲೆ, ಅದಕ್ಕೂ ಅಪಘಾತಕ್ಕೂ ಸಂಬಂಧ ಇಲ್ಲ.

ಎಲ್ಲಕ್ಕಿಂತ ಮೊದಲು ಹಾಜರಿ ಪುಸ್ತಕ ಬರೆಸಿ. ಹೆಸರು, ಊರು, ವಯಸ್ಸು, ಆಧಾರ್ ಪ್ರತಿ, ದಿನದ ಕೂಲಿ, ವಾರಕ್ಕೊಮ್ಮೆ ಸಹಿ ಅಥವಾ ಹೆಬ್ಬೆಟ್ಟು. ಆಳುಗಳು ಹೊರಗಿನವರೇ ಜಾಸ್ತಿ, ಅವಘಡ ಆದ ಮೇಲೆ ವಯಸ್ಸು 35ರೋ 45ರೋ ಅಂತ ಶುರುವಾದ್ರೆ ಗುಣಕವೇ ಬದಲಾಗುತ್ತೆ. ಇನ್ನೊಂದು, ಸಾವಾದಾಗ ಪಂಚಾಯ್ತಿ ಸೇರಿಸಿ ಮನೆಯವರ ಕೈಗೆ ಎರಡು ಲಕ್ಷ ಕೊಟ್ಟು ಬಾಂಡ್ ಪೇಪರಲ್ಲಿ ಬರೆಸಿಕೊಳ್ಳೋದು ಊರಲ್ಲಿ ನಡೆಯೋ ಪದ್ಧತಿ. ಅದು ಕಾನೂನಲ್ಲಿ ಪರಿಹಾರ ಕೊಟ್ಟಂತೆ ಅಲ್ಲ. ಹಣವನ್ನ ಕಾರ್ಮಿಕ ಪರಿಹಾರ ನಿರ್ಧರಿಸೋ ಅಧಿಕಾರಿಯ ಬಳಿ ಠೇವಣಿ ಇಡ್ಬೇಕು, ಅವರು ಅವಲಂಬಿತರಿಗೆ ಹಂಚ್ತಾರೆ. ಕೈಗೆ ಕೊಟ್ಟದ್ರಲ್ಲಿ ಮೂರು ತಿಂಗಳ ಕೂಲಿಯಷ್ಟು ಮುಂಗಡ ಬಿಟ್ರೆ ಉಳಿದಿದ್ದನ್ನ ಲೆಕ್ಕಕ್ಕೆ ಹಿಡಿಯಲ್ಲ. ಎರಡು ವರ್ಷದೊಳಗೆ ಅರ್ಜಿ ಬಂದ್ರೆ ಪೂರ್ತಿ ಮತ್ತೆ ಕಟ್ಟಬೇಕು.

ಜಂಬಿಟ್ಟಿಗೆ:
ಇದು ಗೊತ್ತಿರ್ಲಿಲ್ಲ. ಬಾಂಡ್ ಪೇಪರ್ ಇದ್ರೆ ಮುಗೀತು ಅಂತಾನೇ ಎಲ್ರೂ ತಿಳ್ಕೊಂಡಿರೋದು.

ಕೊಟ್ಟಿಗೆಹಿತ್ಲು:
ಕಂಟ್ರಾಕ್ಟ್ರ ಜೊತೆ ಮಾತಾಡ್ದೆ. ಪ್ರೀಮಿಯಂ ಬೇರೆ ಐಟಂ ಅಂದಿದ್ದಕ್ಕೆ ತಕ್ಷಣ ಒಪ್ಪಿದ್ರು. ಡಬ್ಲ್ಯೂಸಿ 30 ಜನಕ್ಕೆ, ಕೆಳಗುತ್ತಿಗೆ ಸೇರಿ, ನನ್ನ ಹೆಸರು ಪ್ರಿನ್ಸಿಪಾಲ್ ಅಂತ. ಸಿಎಆರ್ 44 ಲಕ್ಷಕ್ಕೆ. ಕಾಂಪೌಂಡಿನವರನ್ನ ಭಾನುವಾರ ಕರೆದಿದೀನಿ. ಪಾಲಿಸಿ ಗುದ್ದಲಿ ಪೂಜೆ ದಿನದಿಂದ, ಅಂದ್ರೆ ಆ ಗುರುವಾರದಿಂದ ಶುರು ಮಾಡಿಸ್ತಾರಂತೆ.

ಹೊಸನಗರ_ಮಳೆ:
ಧರೆ ಕಡಿಯೋಕೆ ಜೆಸಿಬಿ ಯಾವತ್ತು ಬರೋದು?

ಕೊಟ್ಟಿಗೆಹಿತ್ಲು:
ಸೋಮವಾರ. ಪೂಜೆಗೆ ಜಾಗ ಸಮ ಆಗ್ಬೇಕಲ್ಲ.

ಪಾಲಿಸಿ_ಓದೋನು:
ಹಾಗಾದ್ರೆ ಪಾಲಿಸಿ ಭಾನುವಾರ ಮಧ್ಯರಾತ್ರಿಯಿಂದ ಶುರುವಾಗೋ ಹಾಗೆ ಶನಿವಾರವೇ ದುಡ್ಡು ಕಟ್ಟಿಸಿ. ಷೆಡ್ಯೂಲ್ ಪುಟ ಕೈಗೆ ಬರೋವರೆಗೆ ಬಕೆಟ್ ನೆಲಕ್ಕೆ ತಾಗೋದು ಬೇಡ.

ಕೊಟ್ಟಿಗೆಹಿತ್ಲು:
ಆಯ್ತು, ಈಗ್ಲೇ ಫೋನ್ ಮಾಡ್ತೀನಿ.